13 ತಿಂಗಳು, 17 ಪ್ರಬಂಧ, 507 ಪೌಂಡ್: ಎಲ್‌ನ್ಯಾಟ್ ಪ್ರಬಂಧ ತಿದ್ದಿಕೊಡುವ ಆನ್‌ಲೈನ್ ಸೇವೆ ಬಳಸಿದ ಅನುಭವ

ನಾನು ಟೀಚರ್ ಅಲ್ಲ, ವಕೀಲೆಯೂ ಅಲ್ಲ. ಸಾಗರದ ಕಡೆಯವಳು. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಈಗ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ಸಂಸಾರ. ಮಗಳು ಕಾನೂನು ಓದುತ್ತೇನೆ ಎಂದು ಹಟ ಹಿಡಿದಾಗ ಎಲ್‌ನ್ಯಾಟ್ ಎನ್ನುವ ಪ್ರವೇಶ ಪರೀಕ್ಷೆಯ ಹೆಸರು ಮೊದಲ ಸಲ ಕಿವಿಗೆ ಬಿತ್ತು. ಅದರ ಪ್ರಬಂಧ ಭಾಗಕ್ಕೆಂದೇ ಒಂದು ಆನ್‌ಲೈನ್ ತಿದ್ದುವ ಸೇವೆಗೆ 13 ತಿಂಗಳು ದುಡ್ಡು ಕಟ್ಟಿದೆವು. ಎರಡು ವರ್ಷದ ನಂತರ ಮಗ ಅದೇ ಪರೀಕ್ಷೆ ಬರೆದ, ಆ ಸೇವೆ ಇಲ್ಲದೆ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಸಿಕ್ಕಿತು. ಕಂಪನಿಯ ಹೆಸರು ಬರೆಯುವುದಿಲ್ಲ. ಗೆಳತಿಯರ ಮಕ್ಕಳು ಬಳಸಿದ ಬೇರೆ ಸೇವೆಗಳ ಕಥೆಯೂ ಹೆಚ್ಚುಕಡಿಮೆ ಇದೇ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಇಲ್ಲಿ ನಮ್ಮ ಪಿಯುಸಿಯಂಥ ಎ ಲೆವೆಲ್ ಮುಗಿಸಿ ನೇರವಾಗಿ ಕಾನೂನು ಪದವಿಗೆ ಸೇರಬಹುದು. ಆದರೆ ಆಕ್ಸ್‌ಫರ್ಡ್, ಎಲ್‌ಎಸ್‌ಇ, ಯುಸಿಎಲ್, ಡರಮ್, ಬ್ರಿಸ್ಟಲ್ ತರಹದ ಕೆಲವು ವಿಶ್ವವಿದ್ಯಾಲಯಗಳಿಗೆ ಎಲ್‌ನ್ಯಾಟ್ ಕೂಡ ಬರೆಯಬೇಕು. ಇದು 2004ರಿಂದ ನಡೆಯುತ್ತಿದೆ. ಮಗಳು ತಯಾರಿ ಶುರು ಮಾಡಿದ 2022ರಲ್ಲಿ ಕೇಂಬ್ರಿಡ್ಜ್ ಕೂಡ ಸೇರಿಕೊಂಡಿತು. ಕಂಪ್ಯೂಟರ್ ಮುಂದೆ ಎರಡೂಕಾಲು ಗಂಟೆ. ಮೊದಲ 95 ನಿಮಿಷದಲ್ಲಿ 12 ಗದ್ಯಭಾಗ ಓದಿ 42 ಪ್ರಶ್ನೆಗೆ ಟಿಕ್ ಹಾಕಬೇಕು. ಆಮೇಲೆ 40 ನಿಮಿಷದ ಪ್ರಬಂಧ. ಮೂರು ವಿಷಯ ಕೊಡುತ್ತಾರೆ, ಒಂದು ಆರಿಸಿಕೊಂಡು ಬರೆಯಬೇಕು. 750 ಪದ ಮೀರುವಂತಿಲ್ಲ, 500ರಿಂದ 600 ಬರೆದರೆ ಸಾಕು. ಕಾನೂನು ಗೊತ್ತಿರಬೇಕು ಅಂತೇನಿಲ್ಲ. ವಾದ ಮಾಡಲು ಬರಬೇಕು. ಒಂದು ವರ್ಷದ ಪ್ರವೇಶಕ್ಕೆ ಒಂದೇ ಸಲ ಬರೆಯಬಹುದು, ಕೆಟ್ಟರೆ ಮುಂದಿನ ವರ್ಷವೇ.

‘ಒಂದೇ ಸಲ’ ಎನ್ನುವ ಆ ಮಾತೇ ನನ್ನನ್ನು ಹೆದರಿಸಿದ್ದು. ಹೆದರಿದ ಅಮ್ಮಂದಿರು ಕಾರ್ಡ್ ನಂಬರ್ ಬೇಗ ಕೊಡುತ್ತಾರೆ.

ತಿಂಗಳಿಗೆ 39 ಪೌಂಡ್. ಅದಕ್ಕೆ ಎರಡು ಪ್ರಬಂಧ ಕಳಿಸಬಹುದು. 72 ಗಂಟೆಯೊಳಗೆ ತಿದ್ದಿ, ಅಂಚಿನಲ್ಲಿ ಟಿಪ್ಪಣಿ ಬರೆದು, 25ಕ್ಕೆ ಇಷ್ಟು ಅಂತ ಅಂಕ ಕೊಟ್ಟು ವಾಪಸ್ ಕಳಿಸುತ್ತಾರೆ. ಜೊತೆಗೆ ಮಾದರಿ ಪ್ರಬಂಧಗಳ ಒಂದು ಕಟ್ಟು, ವಾರಕ್ಕೊಂದು ವಿಡಿಯೊ. ಸಮಯದ ವಿಷಯದಲ್ಲಿ ದೂರಿಲ್ಲ. ಎರಡು ಸಲ ಬಿಟ್ಟರೆ ಹೇಳಿದ ಗಂಟೆಯೊಳಗೇ ಬಂತು.

ಮೊದಲ ಮೂರು ತಿಂಗಳು ನನಗೆ ಭಾರೀ ಖುಷಿ. ಮಗಳ ಇಂಗ್ಲಿಷ್ ಕಣ್ಣೆದುರೇ ನುಣುಪಾಗುತ್ತಿತ್ತು. ಪ್ರತಿ ಪ್ಯಾರಾದ ತಲೆಗೂ ‘ಫರ್ದರ್‌ಮೋರ್’, ‘ಕಾನ್ವರ್ಸ್‌ಲಿ’ ಬಂದು ಕೂತವು. ಎರಡು ಪರ, ಒಂದು ವಿರುದ್ಧ, ಕೊನೆಗೊಂದು ನಡುದಾರಿ. ಅಂಕ 14ರಿಂದ 18ಕ್ಕೆ ಏರಿತು. ಎಲ್ಲೋ ನೋಡಿದ ಹಾಗಿದೆಯಲ್ಲ ಅನಿಸುತ್ತಿತ್ತು. ಯೋಚಿಸಿದರೆ ಅದು ನಮ್ಮ ಎಸ್ಸೆಸ್ಸೆಲ್ಸಿ ಪ್ರಬಂಧವೇ! ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ‘ಗ್ರಂಥಾಲಯಗಳ ಮಹತ್ವ’ಕ್ಕೆ ‘ದೇಶ ಸುತ್ತು, ಕೋಶ ಓದು’ ಅಂತ ಶುರು ಮಾಡಿ, ‘ಆದ್ದರಿಂದ ನಾವೆಲ್ಲರೂ’ ಅಂತ ಮುಗಿಸುತ್ತಿದ್ದೆವಲ್ಲ, ಅದೇ ಅಚ್ಚು. ಆ ಅಚ್ಚಿನ ಮೇಲೆ ನನಗೆ ಸಿಟ್ಟಿಲ್ಲ, ನಾನು ಪಾಸಾದದ್ದೇ ಅದರಿಂದ. ಆದರೆ ಅದರಲ್ಲಿ ನಾನು ಯಾವತ್ತೂ ಏನನ್ನೂ ವಾದಿಸಿರಲಿಲ್ಲ. ಗ್ರಂಥಾಲಯ ಬೇಡ ಅನ್ನುವವರು ನನ್ನೆದುರು ಯಾರೂ ಇರಲಿಲ್ಲವಲ್ಲ.

ನಾಲ್ಕನೇ ತಿಂಗಳಲ್ಲಿ ತಿದ್ದುವವರು ಬದಲಾದರು. ಹೆಸರು ಗೊತ್ತಿಲ್ಲ, ಸೇವೆಯವರು ಹೇಳುವುದೂ ಇಲ್ಲ. ಅವರ ಟಿಪ್ಪಣಿ ಹಸಿರು ಬಣ್ಣದಲ್ಲಿ ಬರುತ್ತಿತ್ತು. ಹಾಗಾಗಿ ಮನೆಯಲ್ಲಿ ಅವರು ‘ಹಸಿರು ಟೀಚರ್’.

ಹಸಿರು ಟೀಚರ್‌ಗೆ ಹೋದ ಮೊದಲ ಪ್ರಬಂಧದ ವಿಷಯ, ಕಲೆಗೆ ಸರ್ಕಾರ ದುಡ್ಡು ಕೊಡಬೇಕು ಎನ್ನಲು ನಿಮ್ಮ ಕೈಲಾದಷ್ಟು ಬಲವಾದ ವಾದ ಕಟ್ಟಿ ಅಂತ. ಎಲ್‌ನ್ಯಾಟ್‌ನವರೇ ಅಭ್ಯಾಸಕ್ಕೆ ಕೊಡುವ ವಿಷಯಗಳಲ್ಲಿ ಇದೂ ಒಂದು. ಮಗಳು ‘ಕಲೆ ನಾಗರಿಕತೆಯ ಆತ್ಮ’ ಅಂತ ಶುರು ಮಾಡಿದ್ದಳು. ಪಕ್ಕದಲ್ಲಿ ಹಸಿರಿನಲ್ಲಿ ಎರಡೇ ಪ್ರಶ್ನೆ: ಯಾವ ಕಲೆ? ಯಾರ ದುಡ್ಡು? ವ್ಯಾಕರಣ ಮುಟ್ಟಿರಲಿಲ್ಲ. ಅಂಕ 12.

ಅವತ್ತು ಮನೆಯಲ್ಲಿ ಸಣ್ಣ ರಂಪ. ಆಮೇಲೆ ಅವಳಿಗೆ ಹೆಗ್ಗೋಡು ನೆನಪಾಯಿತು. ಒಂದು ರಜೆಯಲ್ಲಿ ಅಜ್ಜ ಅವಳನ್ನು ನೀನಾಸಮ್‌ಗೆ ಕರೆದುಕೊಂಡು ಹೋಗಿ, ಊರೂರು ಸುತ್ತುವ ‘ತಿರುಗಾಟ’ದ ನಾಟಕ ತೋರಿಸಿದ್ದರು. ಅಡಿಕೆ ತೋಟದ ಊರು, ಅಲ್ಲೊಂದು ರಂಗಮಂದಿರ, ಸುತ್ತಲಿನ ಜನ ಊಟ ಮುಗಿಸಿಕೊಂಡು ನಡೆದು ಬಂದು ಕೂರುತ್ತಾರೆ. ಅವಳು ಅದನ್ನೇ ಬರೆದಳು. 1949ರಲ್ಲಿ ಊರವರೇ ಕಟ್ಟಿದ ಸಂಘ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಿಂದ ತಿರುಗಾಟ, 1991ರಲ್ಲಿ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ. ಇದೆಲ್ಲ ಅಜ್ಜನಿಗೆ ಫೋನ್ ಮಾಡಿ ಕೇಳಿಕೊಂಡದ್ದು. ನನಗಂತೂ ಎದೆಯುಬ್ಬಿತು. ಈ ಸಲ 20 ಗ್ಯಾರಂಟಿ ಅಂದುಕೊಂಡೆ.

ಹಸಿರಿನಲ್ಲಿ ಬಂದ ಉತ್ತರ ಇದು: ಉದಾಹರಣೆ ತುಂಬ ಚೆನ್ನಾಗಿದೆ, ಆದರೆ ಇದು ನಿನ್ನ ಎದುರಾಳಿಯ ಉದಾಹರಣೆ. ಊರವರೇ ಕಟ್ಟಿಕೊಳ್ಳಬಲ್ಲರು ಅಂತಾದರೆ ಸರ್ಕಾರ ಯಾಕೆ ಬೇಕು?

ಮಗಳು ಎರಡು ದಿನ ಅದನ್ನೇ ತಲೆಗೆ ಹಚ್ಚಿಕೊಂಡಿದ್ದಳು. ನಾನೂ ಪಾತ್ರೆ ತೊಳೆಯುತ್ತಾ ಅದನ್ನೇ ಯೋಚಿಸುತ್ತಿದ್ದೆ. ಕೊನೆಗೆ ಅವಳು ಪ್ರಬಂಧವನ್ನು ತಿರುಗಿಸಿ ಬರೆದಳು. ಊರವರು ರಂಗ ಕಟ್ಟಬಹುದು, ಆದರೆ ನಾಟಕವನ್ನು ಹೊತ್ತುಕೊಂಡು ಇನ್ನೊಂದು ಊರಿಗೆ ಹೋಗುವ ಖರ್ಚು ಟಿಕೆಟ್ಟಿನಿಂದ ಹುಟ್ಟುವುದಿಲ್ಲ. ಟಿಕೆಟ್ ಬೆಲೆ ಏರಿಸಿದರೆ ಯಾರಿಗಾಗಿ ಹೋದೆವೋ ಅವರೇ ಬರುವುದಿಲ್ಲ. ಹಾಗಾಗಿ ಸರ್ಕಾರ ಕಲೆಯನ್ನು ಸಾಕುವುದು ಬೇಡ, ಅದರ ಬಸ್ ಚಾರ್ಜ್ ಕೊಡಲಿ. ಈ ಕೊನೆಯ ಮಾತನ್ನು ಅವಳು ಮೊದಲು ನನಗೆ ಕನ್ನಡದಲ್ಲೇ ಹೇಳಿದ್ದು. ಇಂಗ್ಲಿಷ್‌ನಲ್ಲಿ ಅಷ್ಟು ಚೆನ್ನಾಗಿ ಬರಲಿಲ್ಲ ಅನ್ನುವುದು ಬೇರೆ ಮಾತು.

507 ಪೌಂಡ್‌ನಲ್ಲಿ ನಿಜವಾಗಿ ಬೆಲೆ ಬಾಳಿದ್ದು ಈ ಒಂದು ಪ್ರಶ್ನೆ, ಇಂಥವೇ ಇನ್ನೊಂದು ಏಳೆಂಟು. ಹಸಿರು ಟೀಚರ್ ನಾಲ್ಕು ತಿಂಗಳಿದ್ದರು. ಆಮೇಲೆ ಮಾಯ. ‘ಅವರನ್ನೇ ಕೊಡಿ’ ಅಂತ ಎರಡು ಮೇಲ್ ಹಾಕಿದೆ. ತಿದ್ದುವವರನ್ನು ಆರಿಸಿಕೊಳ್ಳುವ ಸೌಲಭ್ಯ ಇಲ್ಲ ಅಂತ ಉತ್ತರ ಬಂತು.

ಈಗ ಅಂಕದ ಕಥೆ. ಮೇ ತಿಂಗಳಲ್ಲಿ ಶಾಲೆಯ ಪರೀಕ್ಷೆಯ ಗಡಿಬಿಡಿಯಲ್ಲಿ ಮಗಳು ಹಿಂದೆ ಕಳಿಸಿದ್ದ ಒಂದು ಪ್ರಬಂಧವನ್ನೇ ಮತ್ತೆ ಕಳಿಸಿಬಿಟ್ಟಳು. ಒಂದಕ್ಷರ ಬದಲಾಗಿರಲಿಲ್ಲ. ಮೊದಲ ಸಲ 17 ಬಂದಿತ್ತು, ಈ ಸಲ 21! ‘ಅದ್ಭುತ ಪ್ರಗತಿ’ ಅಂತ ಬೇರೆ ಬರೆದಿದ್ದರು. ನಕ್ಕೆವು, ಆಮೇಲೆ ನನಗೆ ಕೋಪ ಬಂತು. ಆ ಕೋಪದಲ್ಲೇ ಎಲ್‌ನ್ಯಾಟ್‌ನ ಅಧಿಕೃತ ಮಾಹಿತಿಯನ್ನು ಮೊದಲ ಸಲ ಪೂರ್ತಿ ಓದಿದೆ. ಮೊದಲೇ ಓದಬೇಕಿತ್ತು, ತಪ್ಪು ನನ್ನದೇ. ಅದರಲ್ಲಿ ಸ್ಪಷ್ಟವಾಗಿದೆ: ಪ್ರಬಂಧಕ್ಕೆ ಎಲ್‌ನ್ಯಾಟ್ ಅಂಕವನ್ನೇ ಕೊಡುವುದಿಲ್ಲ. 42ಕ್ಕೆ ಬರುವ ಅಂಕ ಮೊದಲ ಭಾಗದ್ದು ಮಾತ್ರ. ಪ್ರಬಂಧ ಇದ್ದ ಹಾಗೇ ವಿಶ್ವವಿದ್ಯಾಲಯಗಳಿಗೆ ಹೋಗುತ್ತದೆ. ಅವರವರು ಅವರವರ ರೀತಿಯಲ್ಲಿ ಓದಿಕೊಳ್ಳುತ್ತಾರೆ. ಹಾಗಿದ್ದರೆ ಈ 25 ಎಲ್ಲಿಂದ ಬಂತು? ಸೇವೆಯವರೇ ಮಾಡಿಕೊಂಡ ಅಳತೆ. ಹಾಗೆ ಅಂತ ಎಲ್ಲಾದರೂ ಬರೆದಿದ್ದರೆ ನನ್ನ ತಕರಾರಿರಲಿಲ್ಲ. ನಾವು ಎಂಟು ತಿಂಗಳು ಒಂದು ಇಲ್ಲದ ಅಂಕಪಟ್ಟಿಯನ್ನು ಫ್ರಿಜ್ ಮೇಲೆ ಅಂಟಿಸಿಕೊಂಡಿದ್ದೆವು.

ಆವತ್ತು ಆ ಪಟ್ಟಿ ಕಿತ್ತುಹಾಕಿದೆ. ಅಡುಗೆಮನೆಯ ಜಗಳ ಶುರುವಾದದ್ದು ಆಮೇಲೆಯೇ. ಜಗಳ ಅಂದರೆ ಇಷ್ಟೇ, ನಾನು ದೋಸೆ ಹೊಯ್ಯುವಾಗ ಅವಳು ಒಂದು ವಿಷಯ ಹೇಳಬೇಕು, ನಾನು ಎದುರು ಮಾತಾಡಬೇಕು. ಒಂದು ದಿನ ವಿಷಯ, ಮತ ಹಾಕುವುದನ್ನು ಕಾನೂನಿನಿಂದ ಕಡ್ಡಾಯ ಮಾಡಬೇಕಾ?

‘ಮಾಡಲೇಬೇಕು, ನಮ್ಮೂರಲ್ಲಿ ಮಳೆಯಲ್ಲಿ ಎರಡು ಮೈಲಿ ನಡೆದು ಹೋಗಿ ಹಾಕುತ್ತಿದ್ದರು’ ಅಂದೆ.

‘ಅಮ್ಮಾ, ನಿನ್ನ ಹತ್ತಿರ ಇಂಡಿಯನ್ ಪಾಸ್‌ಪೋರ್ಟ್ ಇದ್ದರೂ ಇಲ್ಲಿ ನಿನಗೆ ಮತ ಇದೆ. 2019ರ ಡಿಸೆಂಬರ್‌ನಲ್ಲಿ ಹಾಕಿದೆಯಾ?’

ಇಲ್ಲ. ಚಳಿ ಅಂತ ಹೋಗಿರಲಿಲ್ಲ. ಕಾಮನ್‌ವೆಲ್ತ್ ದೇಶದವರಿಗೆ ಇಲ್ಲಿ ಸಂಸತ್ತಿನ ಚುನಾವಣೆಯಲ್ಲೂ ಮತ ಇರುತ್ತದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತೂ ಇಲ್ಲ. ನನಗೆ ಗೊತ್ತಿತ್ತು, ಆದರೂ ಹೋಗಲಿಲ್ಲ.

‘ಆಸ್ಟ್ರೇಲಿಯಾದಲ್ಲಿ ಹೋಗದಿದ್ದರೆ 20 ಡಾಲರ್ ದಂಡ. ಆವತ್ತು ಇಲ್ಲೂ ದಂಡ ಇದ್ದಿದ್ದರೆ ಹೋಗುತ್ತಿದ್ದೆಯಾ?’

‘ಹೋಗಿ ಯಾವುದೋ ಒಂದಕ್ಕೆ ಗುರುತು ಹಾಕಿ ಬರುತ್ತಿದ್ದೆ’ ಅಂದೆ. ದೋಸೆ ಸೀದು ಹೋಯಿತು. ಅವಳಿಗೆ ಪ್ರಬಂಧ ಸಿಕ್ಕಿತು. ಮತ ಗುಟ್ಟಾಗಿರುವ ತನಕ ಕಾನೂನು ಮತಗಟ್ಟೆಗೆ ಬರುವಂತೆ ಮಾಡಬಹುದೇ ಹೊರತು ಯೋಚಿಸಿ ಹಾಕುವಂತೆ ಮಾಡಲಾಗದು, ಹಾಗಾದರೆ ಬರೀ ಬಂದು ಹೋಗುವುದಕ್ಕೇ ಏನಾದರೂ ಬೆಲೆ ಇದೆಯಾ ಅನ್ನುವುದೇ ನಿಜವಾದ ಪ್ರಶ್ನೆ. ಇದನ್ನು ಸೇವೆಯ ಯಾವ ಮಾದರಿ ಪ್ರಬಂಧವೂ ಹೇಳಿಕೊಟ್ಟಿರಲಿಲ್ಲ. ಅವೆಲ್ಲ ಒಳ್ಳೆಯ ಪ್ರಬಂಧಗಳೇ. ಮದುವೆ ಮನೆಯ ಪಾಯಸದ ಹಾಗೆ, ತಿನ್ನುವಾಗ ಚೆನ್ನಾಗಿರುತ್ತದೆ, ಮನೆಗೆ ಬಂದು ಮಾಡಲು ಹೋದರೆ ಅಳತೆ ಗೊತ್ತಿರುವುದಿಲ್ಲ.

ಇನ್ನೊಂದು ಕೊರತೆ ಗಡಿಯಾರ. ಸೇವೆಗೆ ಪ್ರಬಂಧ ಕಳಿಸುವಾಗ ಎಷ್ಟು ಹೊತ್ತು ಬರೆದೆ ಅಂತ ಯಾರೂ ಕೇಳುವುದಿಲ್ಲ. ಮಗಳು ಎರಡು ಸಂಜೆ ಕೂತು 1,100 ಪದ ಬರೆದು ಕಳಿಸಿದ್ದೂ ಉಂಟು, ಅದಕ್ಕೆ 19 ಬಂದದ್ದೂ ಉಂಟು. ಜುಲೈನಲ್ಲಿ ಮೊದಲ ಸಲ 40 ನಿಮಿಷಕ್ಕೆ ಟೈಮರ್ ಇಟ್ಟಾಗ ಅವಳು ಎರಡನೇ ಪ್ಯಾರಾದಲ್ಲೇ ಇದ್ದಳು. ಅತ್ತಳು ಕೂಡ. ಆಮೇಲೆ ಕ್ರಮ ಬದಲಾಯಿಸಿದೆವು. ಮೊದಲ ಎಂಟು ನಿಮಿಷ ಕೀಬೋರ್ಡ್ ಮುಟ್ಟುವ ಹಾಗಿಲ್ಲ. ಚೀಟಿಯ ಮೇಲೆ ಒಂದೇ ಸಾಲಿನಲ್ಲಿ ತನ್ನ ನಿಲುವು, ಕೆಳಗೆ ಎದುರಾಳಿಯ ಅತಿ ಗಟ್ಟಿ ಮಾತು, ಅದಕ್ಕೆ ತನ್ನ ಉತ್ತರ. ಆ ಮೂರು ಸಾಲು ಆಗದಿದ್ದರೆ ವಿಷಯ ಬದಲಿಸಬೇಕು. ಕೊಟ್ಟ ಮೂರು ವಿಷಯಗಳಲ್ಲಿ ಯಾವುದು ದೊಡ್ಡದಾಗಿ ಕಾಣುತ್ತದೋ ಅದನ್ನು ಆರಿಸುವುದು ಅವಳ ಚಾಳಿ. ಯಾವುದರಲ್ಲಿ ಎದುರಾಳಿ ಕಣ್ಣಿಗೆ ಕಾಣುತ್ತಾನೋ ಅದನ್ನು ಆರಿಸುವುದು ರೂಢಿಯಾಗಲು ಆಗಸ್ಟ್ ಪೂರ್ತಿ ಬೇಕಾಯಿತು. ಸೆಪ್ಟೆಂಬರ್ ಹೊತ್ತಿಗೆ 560 ಪದ, ಎರಡು ನಿಮಿಷ ಉಳಿಕೆ.

ದುಡ್ಡಿನ ಲೆಕ್ಕ. 13 ತಿಂಗಳಿಗೆ 26 ಪ್ರಬಂಧ ಕಳಿಸಬಹುದಿತ್ತು. ಕಳಿಸಿದ್ದು 17. ಉಳಿದದ್ದು ಮುಂದಿನ ತಿಂಗಳಿಗೆ ಸೇರುವುದಿಲ್ಲ, ತಿಂಗಳು ಮುಗಿದರೆ ಹೋಯಿತು. ಅಂದರೆ ಒಂದು ಪ್ರಬಂಧಕ್ಕೆ ಸುಮಾರು 30 ಪೌಂಡ್ ಬಿತ್ತು. ಪರೀಕ್ಷೆಯ ಶುಲ್ಕವೇ 75 ಪೌಂಡ್, ನೋಡಿ. ನಿಲ್ಲಿಸಲು ಹೋದಾಗ ಬಟನ್ ಹುಡುಕುವುದೇ ಒಂದು ಪರೀಕ್ಷೆ. ಮೊದಲು ‘ಯಾಕೆ ಹೋಗುತ್ತೀರಿ’ ಅಂತ ಪ್ರಶ್ನೆಪತ್ರಿಕೆ, ಆಮೇಲೆ ಅರ್ಧ ಬೆಲೆಯ ಆಸೆ. ನಮ್ಮ ಮನೆಯವರು ‘ಅರ್ಧ ಬೆಲೆಗೆ ಇಟ್ಟುಕೊಳ್ಳೋಣ್ವಾ’ ಅಂತ ಕೇಳಿದರು. ಪರೀಕ್ಷೆ ಮುಂದಿನ ವಾರ ಅಂತ ನೆನಪಿಸಿದೆ.

ಫಲ? ಮಗಳಿಗೆ ಒಂದು ಕಡೆ ಇಲ್ಲ ಅಂದರು, ಎರಡು ಕಡೆ ಹೌದು ಅಂದರು. ಅದರಲ್ಲಿ ಪ್ರಬಂಧದ ಪಾಲೆಷ್ಟು ಅಂತ ನಮಗೆ ಯಾರೂ ಹೇಳಲಿಲ್ಲ. ಸೇವೆಯವರು ಮಾತ್ರ ‘ನಮ್ಮ ವಿದ್ಯಾರ್ಥಿನಿ’ ಅಂತ ಹಾಕಿಕೊಳ್ಳಲು ಫೋಟೊ ಕೇಳಿದರು. ಕೊಡಲಿಲ್ಲ.

ಮಗ 2025ರಲ್ಲಿ ಬರೆದ. ಅವನಿಗೆ ಎಲ್‌ನ್ಯಾಟ್‌ನವರ ಉಚಿತ ಅಭ್ಯಾಸ ಪರೀಕ್ಷೆಗಳು, ಅಡುಗೆಮನೆಯ ಟೈಮರ್, ಶಾಲೆಯ ಹಿಸ್ಟರಿ ಮೇಷ್ಟ್ರು. ಮೇಷ್ಟ್ರು ಓದಿಕೊಟ್ಟದ್ದು ಮೂರೇ ಪ್ರಬಂಧ, ಆದರೆ ಎದುರು ಕೂರಿಸಿಕೊಂಡು ಓದಿದರು. ಎಐ ಚಾಟ್‌ಬಾಟ್‌ಗೂ ಹಾಕಿ ನೋಡಿದ. ತಿದ್ದು ಅಂದರೆ ಎಲ್ಲವನ್ನೂ ಹೊಗಳಿ, ಅಕ್ಕನ ‘ಫರ್ದರ್‌ಮೋರ್’ಗಳನ್ನೇ ತಂದು ತುಂಬಿಸಿತು. ‘ನನ್ನ ವಾದ ಒಡೆದು ಹಾಕು’ ಅಂದಾಗ ಪರವಾಗಿಲ್ಲ, ಸುಮಾರಾಗಿ ಜಗಳ ಆಡಿತು. ನಿಜವಾದ ಎದುರಾಳಿಯ ಕೆಲಸ ಮಾಡಿದ್ದು ಅಕ್ಕನೇ. ವಿಡಿಯೊ ಕಾಲ್‌ನಲ್ಲಿ ಅವನ ಪ್ರಬಂಧ ಓದಿ ‘ಯಾವ ಕಲೆ? ಯಾರ ದುಡ್ಡು?’ ಅಂತ ಹಸಿರು ಟೀಚರ್ ಧಾಟಿಯಲ್ಲಿ ಕೇಳುತ್ತಿದ್ದಳು. ವಿಷಯ ಪ್ರಾಣಿಗಳ ಬಗ್ಗೆ ಇದ್ದರೂ.

ಯಾರಿಗೆ ಈ ತರಹದ ಸೇವೆ ಬೇಕಾಗಬಹುದು? ಮನೆಯಲ್ಲಿ ವಾದಿಸುವವರಿಲ್ಲದೆ, ಶಾಲೆಯಲ್ಲಿ ಓದಿಕೊಡುವವರೂ ಇಲ್ಲದ ಮಕ್ಕಳಿಗೆ ಎರಡು ಮೂರು ತಿಂಗಳ ಮಟ್ಟಿಗೆ ಉಪಯೋಗ ಆದೀತು. ಅದೂ ಜೂನ್ ಆಮೇಲೆ. ಒಂದು ವರ್ಷ ಮೊದಲೇ ಕಟ್ಟಬೇಡಿ. ಆಕ್ಸ್‌ಫರ್ಡ್‌ಗೆ ಹಾಕುವವರು ಸೆಪ್ಟೆಂಬರ್ 15ರೊಳಗೆ ಹೆಸರು ನೋಂದಾಯಿಸಿ ಅಕ್ಟೋಬರ್ 15ರೊಳಗೆ ಬರೆದಿರಬೇಕು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿಕೊಳ್ಳಿ. ಸೇರುವ ಮುಂಚೆ ಒಂದು ಪ್ರಬಂಧ ಸುಮ್ನೆ ತಿದ್ದಿಕೊಡಿ ಅಂತ ಕೇಳಿ. ವಾಪಸ್ ಬಂದದ್ದರಲ್ಲಿ ಪ್ರಶ್ನೆಗಳು ಜಾಸ್ತಿ ಇದ್ದರೆ ಸೇರಿ, ಅಂಕ ಮತ್ತು ಹೊಗಳಿಕೆ ಜಾಸ್ತಿ ಇದ್ದರೆ ಬೇಡ.

ಐದಕ್ಕೆ ಮೂರು ನಕ್ಷತ್ರ. ಅದರಲ್ಲಿ ಎರಡು ಹಸಿರು ಟೀಚರ್‌ಗೆ, ಅವರೀಗ ಎಲ್ಲಿದ್ದಾರೋ.