ರೋಲ್, ಕುಚ್ಚು, ಬೀಜ: ಒಂದೇ ಅಂಗಳದಲ್ಲಿ ಪಕ್ಕಪಕ್ಕ ಬೆಳೆಸಿ ನೋಡಿದ ಹುಲ್ಲುಹಾಸು

ಹೊಸದಾಗಿ ಲಾನ್ ಮಾಡಲು ಹೊರಟವರು ಮೊದಲು ಕೇಳುವುದು ಒಂದೇ: ರೋಲ್ ತರಿಸೋದಾ, ಕುಚ್ಚು ನೆಡೋದಾ, ಬೀಜ ಎರಚೋದಾ? ರೋಲ್ ಎಂದರೆ ಮಣ್ಣಿನ ಪದರ ಸಮೇತ ಕತ್ತರಿಸಿ ಸುತ್ತಿ ತರುವ ಬೆಳೆದ ಹುಲ್ಲು; ಕುಚ್ಚು ಎಂದರೆ ಬಿಡಿಬಿಡಿಯಾಗಿ ನೆಡುವ, ಬೇರುಸಹಿತ ಹುಲ್ಲಿನ ಸಣ್ಣ ಕಟ್ಟು. ಮೂರನ್ನೂ ಒಂದೇ ಅಂಗಳದಲ್ಲಿ ಪಟ್ಟೆ ಪಟ್ಟೆಯಾಗಿ ಹಾಕಿ ನೋಡಿದ್ದೇನೆ. ರೋಲ್ ಹಾಸಿದ ಪಟ್ಟೆಗೂ ಕುಚ್ಚು ನೆಟ್ಟ ಪಟ್ಟೆಗೂ ಇದ್ದ ವ್ಯತ್ಯಾಸ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅಳಿಸಿಹೋಯಿತು. ಆದರೆ ಕೆಳಗಿನ ಮಣ್ಣನ್ನು ಎಲ್ಲಿ ಯಾವ ರೀತಿ ಅಗೆದಿದ್ದೆ ಎನ್ನುವುದನ್ನು ಇವತ್ತಿಗೂ ಮೇಲಿನ ಹುಲ್ಲು ನೋಡಿಯೇ ಹೇಳಬಹುದು. ಅದಕ್ಕೇ ಇಲ್ಲಿ ಹುಲ್ಲಿಗಿಂತ ನೆಲದ ಮಾತೇ ಹೆಚ್ಚು.

ಟಿಲ್ಲರ್ ಎದುರು ಗುದ್ದಲಿ

ಒಂದು ಭಾಗಕ್ಕೆ ಪವರ್ ಟಿಲ್ಲರ್ ಓಡಿಸಿದೆ, ಇನ್ನೊಂದನ್ನು ಗುದ್ದಲಿ ಮತ್ತು ಗಾರ್ಡನ್ ಫೋರ್ಕ್ ಹಿಡಿದು ಕೈಯಲ್ಲೇ ಅಗೆದೆ. ವೇಗದ ವಿಷಯದಲ್ಲಿ ಸ್ಪರ್ಧೆಯೇ ಇಲ್ಲ. ಕೈಯಲ್ಲಿ ಅಗೆಯುವವರು ಇನ್ನೂ ಮೊದಲ ಮೂಲೆಯಲ್ಲಿ ಬೆವರು ಒರೆಸಿಕೊಳ್ಳುತ್ತಿರುವಾಗಲೇ ಟಿಲ್ಲರ್ ಇಡೀ ಪಟ್ಟೆ ಮುಗಿಸಿ ನಿಂತಿರುತ್ತದೆ. ಹೆಂಟೆಯೇ ಇಲ್ಲದ ಪುಡಿಮಣ್ಣು, ನೋಡಲು ಬಲು ಚಂದ.

ಚಂದ ಮುಗಿಯುವುದು ಜೇಕು ಎಂಬ ಗೆಡ್ಡೆಕಳೆ ಮೊಳೆಯುವ ಹೊತ್ತಿಗೆ. ಜೇಕಿನ ಗೆಡ್ಡೆಗಳು ಮಣ್ಣಿನೊಳಗೆ ತೆಳ್ಳನೆಯ ಬೇರುದಾರದಲ್ಲಿ ಸರವಾಗಿ ಪೋಣಿಸಿಕೊಂಡಿರುತ್ತವೆ. ಸರ ತುಂಡಾಗದಿದ್ದರೆ ತುದಿಯ ಗೆಡ್ಡೆ ಮಾತ್ರ ಚಿಗುರಿ, ಹಿಂದಿನವು ಸುಮ್ಮನೆ ಮಲಗಿರುವುದು ಸಾಮಾನ್ಯ. ಟಿಲ್ಲರ್ ಬ್ಲೇಡು ಆ ಸರ ಕಡಿದು ಗೆಡ್ಡೆಗಳನ್ನು ನೆಲದ ತುಂಬ ಹಂಚುತ್ತದೆ. ಬಿಡಿಯಾದ ಪ್ರತಿ ಗೆಡ್ಡೆಯೂ ತನ್ನದೇ ಗಿಡ ಹೂಡಲು ಸ್ವತಂತ್ರ. ಗರಿಕೆಯದೂ ಇದೇ ಕಥೆ. ಒಂದು ಗಿಣ್ಣು ಉಳಿದ ತುಂಡು ಸಾಕು, ಅದು ಬದುಕಿಕೊಳ್ಳುತ್ತದೆ. ಫೋರ್ಕ್ ಹಾಕಿ ಮೀಟಿದರೆ ಬೇರುದಾರ ಉದ್ದಕ್ಕೆ ಬರುತ್ತದೆ, ಗೆಡ್ಡೆ ಸಮೇತ ಎತ್ತಿ ಬುಟ್ಟಿಗೆ ಹಾಕಬಹುದು. ಎಲ್ಲವೂ ಸಿಗುವುದಿಲ್ಲ, ಕೆಲವು ಒಂದು ಅಡಿಗಿಂತಲೂ ಕೆಳಗೆ ಅಡಗಿರುತ್ತವೆ. ಆದರೂ ನನ್ನ ಕೈ ಅಗೆತದ ಪಟ್ಟೆಯಲ್ಲಿ ಮೇಲೆದ್ದ ಜೇಕು ಟಿಲ್ಲರ್ ಪಟ್ಟೆಯದಕ್ಕೆ ಹೋಲಿಸಿದರೆ ಲೆಕ್ಕಕ್ಕೇ ಇಲ್ಲ.

ಇನ್ನೊಂದು ತೊಂದರೆ ಮೇಲಿನಿಂದ ಕಾಣುವುದೇ ಇಲ್ಲ. ಹುಲ್ಲು ಬೇರೂರಿದ ಮೇಲೆ ಎರಡೂ ಕಡೆ ಒಂದೊಂದು ಕುಳಿ ತೋಡಿ ಗೋಡೆಯನ್ನು ಚಾಕುವಿನ ಮೊನೆಯಿಂದ ಕೆರೆದು ನೋಡಿದೆ. ಟಿಲ್ಲರ್ ಕಡೆ ಸುಮಾರು 15 ಸೆಂ.ಮೀ. ತನಕ ಚಾಕು ಸಲೀಸಾಗಿ ಇಳಿಯುತ್ತದೆ, ಅಲ್ಲಿ ತಟ್ಟನೆ ನಿಲ್ಲುತ್ತದೆ. ಬ್ಲೇಡು ಒಂದೇ ಆಳದಲ್ಲಿ ಸುತ್ತಿ ಸುತ್ತಿ ಅಂಟುಮಣ್ಣನ್ನು ಸವರಿ ನುಣುಪು ಮಾಡಿದ ಪದರ ಅದು. ಬಿಳಿ ಬೇರುಗಳು ಅಲ್ಲಿಯವರೆಗೆ ನೇರ ಇಳಿದು, ನುಣುಪು ಪದರ ಮುಟ್ಟಿದೊಡನೆ ಅಡ್ಡಕ್ಕೆ ತಿರುಗಿದ್ದವು. ಗುದ್ದಲಿ ಕಡೆ ಅಂಥ ಗೆರೆಯೇ ಇಲ್ಲ. ಏರುಪೇರಾಗಿ ಅಗೆದದ್ದೇ ಅಲ್ಲಿ ಒಳ್ಳೆಯದಾಯಿತು. ಬಿಸಿಲೇರಿದಾಗ ಯಾವ ಪಟ್ಟೆ ಮೊದಲು ಬಾಡುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಟಿಲ್ಲರ್ ಬೇಡವೇ ಬೇಡ ಎನ್ನುತ್ತಿಲ್ಲ. ಜೇಕು, ಗರಿಕೆ ಇಲ್ಲದ ನೆಲ, ವಿಸ್ತಾರವೂ ದೊಡ್ಡದು ಎಂದಾದರೆ ಬೆನ್ನು ಉಳಿಸುವ ಯಂತ್ರ ಅದೇ. ಮಣ್ಣು ಹದದಲ್ಲಿರಬೇಕು ಅಷ್ಟೇ. ಒಂದು ಹಿಡಿ ಹಿಸುಕಿ, ಉಂಡೆ ಮಾಡಿ, ಸೊಂಟದೆತ್ತರದಿಂದ ಬಿಡಿ. ಒಡೆದು ಚದುರಿದರೆ ಓಡಿಸಬಹುದು. ಉಂಡೆ ಉಂಡೆಯಾಗೇ ಬಿದ್ದರೆ ಇನ್ನೂ ಒಣಗಲಿ. ಓಡಿಸಿದ ಮೇಲೆ ಫೋರ್ಕಿನಿಂದ ಅಲ್ಲಲ್ಲಿ ಆಳಕ್ಕೆ ಚುಚ್ಚಿ ಮೀಟಿದರೆ ಆ ನುಣುಪು ಪದರ ಒಡೆಯುತ್ತದೆ.

ಕಳೆ ತೆಗೆಯುವ ಪೈಪೋಟಿ

ಮೇಲ್ಮಣ್ಣನ್ನು ಹುಲ್ಲು ಸಮೇತ ಕೆತ್ತಿ ಎಸೆಯುವುದು ಕಣ್ಣಿಗೆ ತೃಪ್ತಿ ಕೊಡುವ ಕೆಲಸ. ಆದರೆ ಒಳ್ಳೆಯ ಮಣ್ಣೂ ಅದರೊಂದಿಗೇ ಹೋಗುತ್ತದೆ, ಆಳದ ಗೆಡ್ಡೆಗಳು ಅಲ್ಲೇ ಉಳಿಯುತ್ತವೆ. ಈ ದಾರಿಯನ್ನು ನಾನು ಬೇಗ ಕೈಬಿಟ್ಟೆ.

ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಬಿಸಿಲಿಗೆ ಬೇಯಿಸುವುದು ಇನ್ನೊಂದು. ನೆಲಕ್ಕೆ ಚೆನ್ನಾಗಿ ನೀರುಣಿಸಿ, ಹಾಳೆಯನ್ನು ಬಿಗಿಯಾಗಿ ಎಳೆದು, ಅಂಚನ್ನು ಮಣ್ಣಲ್ಲಿ ಹೂತು 4ರಿಂದ 6 ವಾರ ಬಿಡಬೇಕು. ಬಿರುಬಿಸಿಲಿನ ಕಾಲವಲ್ಲದಿದ್ದರೆ ಪ್ರಯೋಜನ ಅಷ್ಟಕ್ಕಷ್ಟೇ. ಬೀಜದಿಂದ ಬರುವ ಕಳೆಗೆ ಇದು ಭರ್ಜರಿ ಮದ್ದು. ಜೇಕಿಗೆ ಮಾತ್ರ ನಾಟುವುದು ಕಡಿಮೆ. ಅದರ ಸೂಜಿಮೊನೆ ಚಿಗುರು ತೆಳು ಹಾಳೆಯನ್ನೇ ತೂತು ಮಾಡಿಕೊಂಡು ಮೇಲೆ ಬಂದು ನಿಂತಿತ್ತು.

ಗ್ಲೈಫೊಸೇಟ್ ಹಸಿರೆಲೆಯ ಮೂಲಕ ಬೇರಿಗೆ ಇಳಿಯುವ ಔಷಧ. ಹಾಗಾಗಿ ಅದನ್ನು ಹೊಡೆಯಬೇಕಾದದ್ದು ಕಳೆ ಸೊಂಪಾಗಿ ಬೆಳೆಯುತ್ತಿರುವಾಗ, ಕತ್ತರಿಸಿದ ಮರುದಿನವಲ್ಲ. ಹೊಡೆದ ಮೇಲೆ ಎಲೆ ಪೂರ್ತಿ ಹಳದಿಯಾಗುವ ತನಕ ಅಗೆಯಲೂ ಬಾರದು. ಗರಿಕೆ ಹಬ್ಬಿದ ಅಂಚಿನಲ್ಲಿ ಇದರಷ್ಟು ಕೆಲಸ ಮಾಡಿದ್ದು ಬೇರೆ ಯಾವುದೂ ಇಲ್ಲ, ಒಪ್ಪಿಕೊಳ್ಳಲೇಬೇಕು. ಆದರೆ ಗಾಳಿ ಬೀಸಿದರೆ ಪಕ್ಕದ ಹೂಗಿಡಕ್ಕೂ ಅದೇ ಗತಿ.

ನನ್ನ ಮಟ್ಟಿಗೆ ಗೆದ್ದದ್ದು ಎಲ್ಲಕ್ಕಿಂತ ಸೋಮಾರಿಯಾಗಿ ಕಾಣುವ ದಾರಿ. ನೆಲ ಅಗೆದು, ಮಟ್ಟ ಮಾಡಿ, ಹುಲ್ಲು ಹಾಕಲು ಪೂರ್ತಿ ಸಿದ್ಧ ಮಾಡಿ, ಏನೂ ಹಾಕದೆ ನೀರು ಹಾಯಿಸುತ್ತ ಇರುವುದು. ಎರಡು ಮೂರು ವಾರದಲ್ಲಿ ಮೇಲ್ಪದರದ ಕಳೆಬೀಜವೆಲ್ಲ ಮೊಳೆಯುತ್ತದೆ, ಬಿಟ್ಟುಹೋದ ಗೆಡ್ಡೆಗಳೂ ತಾವೆಲ್ಲಿದ್ದೇವೆ ಎಂದು ತಲೆಯೆತ್ತಿ ತೋರಿಸುತ್ತವೆ. ಗೆಡ್ಡೆಯವನ್ನು ಮೀಟಿ ತೆಗೆದು, ಉಳಿದವನ್ನು ಕುಂಟೆಯಿಂದ ತೆಳುವಾಗಿ ಕೆರೆದರೆ ಮುಗಿಯಿತು. ಮತ್ತೆ ಆಳಕ್ಕೆ ಅಗೆದಿರೋ, ಕೆಳಗಿನ ಹೊಸ ಬೀಜ ಮೇಲೆ ಬಂತು. ಇದರ ಇನ್ನೊಂದು ಲಾಭ: ಅಷ್ಟು ದಿನ ನೀರು ಕುಡಿದ ಮಣ್ಣು ಎಲ್ಲಿ ಕುಸಿಯಬೇಕೋ ಅಲ್ಲಿ ಮೊದಲೇ ಕುಸಿದಿರುತ್ತದೆ. ಹುಲ್ಲು ಹಾಕಿದ ಮೇಲೆ ಕಾಲು ಸಿಕ್ಕುವ ಗುಂಡಿಗಳು ಬೀಳುವುದಿಲ್ಲ.

ಮರಳೋ ಗೊಬ್ಬರವೋ ಎಂಬ ಚರ್ಚೆಗೆ ಹೆಚ್ಚು ಹೊತ್ತು ಬೇಡ. ಅಂಟುಮಣ್ಣಿಗೆ ಸ್ವಲ್ಪ ಮರಳು ಬೆರೆಸಿದರೆ ಸಡಿಲವಾಗುವ ಬದಲು ಗಟ್ಟಿಯಾಗುತ್ತದೆ. ಮರಳಿನಿಂದಲೇ ಗುಣ ಬದಲಾಗಬೇಕೆಂದರೆ ಮಣ್ಣಿಗಿಂತ ಮರಳೇ ಹೆಚ್ಚಾಗಬೇಕು. ಚೆನ್ನಾಗಿ ಕಳಿತ ಗೊಬ್ಬರ ಮೇಲಿನ 10–15 ಸೆಂ.ಮೀ.ಗೆ ಬೆರೆತರೆ ಸಾಕು. ಅರ್ಧ ಕಳಿತದ್ದಾದರೆ ಮತ್ತೊಂದು ಸುತ್ತು ಕಳೆಬೀಜ ಉಚಿತ.

ಮಟ್ಟದಲ್ಲೇ ಒಂದು ಸೂಕ್ಷ್ಮ

ಮನೆ ಗೋಡೆಯಿಂದ ಹೊರಕ್ಕೆ ಮೀಟರಿಗೆ 1–2 ಸೆಂ.ಮೀ. ಇಳಿಜಾರು, ಹುರಿ ಕಟ್ಟಿ ನೋಡಿಕೊಂಡರೆ ನೀರು ನಿಲ್ಲುವುದಿಲ್ಲ. ಇದು ಮೂರಕ್ಕೂ ಒಂದೇ. ಆದರೆ ರೋಲ್ ತನ್ನ ಜೊತೆ ಮಣ್ಣಿನ ದಪ್ಪವನ್ನೂ ತರುತ್ತದೆ, ಆದ್ದರಿಂದ ಅದರ ಮಡಿ ಕಾಲುದಾರಿಯ ಅಂಚಿಗಿಂತ 2–3 ಸೆಂ.ಮೀ. ತಗ್ಗಿನಲ್ಲಿರಬೇಕು. ಬೀಜದ ಮಡಿ ಹೆಚ್ಚುಕಡಿಮೆ ಅಂಚಿನ ಮಟ್ಟಕ್ಕೇ. ಪಕ್ಕಪಕ್ಕ ಹಾಕುವವರು ಇದನ್ನು ಗಮನಿಸದಿದ್ದರೆ ನಡುವೆ ಮೆಟ್ಟಿಲು ಏಳುತ್ತದೆ, ಹುಲ್ಲು ಕತ್ತರಿಸುವ ಮೂವರ್ ಯಂತ್ರದ ಬ್ಲೇಡು ಪ್ರತಿಸಲವೂ ಅಲ್ಲೇ ಹುಲ್ಲಿನ ನೆತ್ತಿ ಬೋಳಿಸುತ್ತದೆ.

ಕೊನೆಗೂ ಹುಲ್ಲು

ರೋಲಿನ ದೊಡ್ಡ ಶತ್ರು ಸಮಯ. ಅಟ್ಟಿಯ ನಡುವೆ ಕೈ ತೂರಿಸಿದರೆ ಬೆಚ್ಚಗಿರುತ್ತದೆ; ಸುತ್ತಿಟ್ಟ ಹುಲ್ಲು ಉಸಿರಾಡುತ್ತ ತನ್ನನ್ನೇ ಬೇಯಿಸಿಕೊಳ್ಳುತ್ತಿರುತ್ತದೆ. ಬಂದ ದಿನವೇ ಹಾಸಿದ್ದು ಹಸಿರಾಗೇ ಉಳಿಯಿತು, ಮರುದಿನಕ್ಕೆ ಉಳಿಸಿಕೊಂಡದ್ದರ ನಡುಭಾಗ ಹಳದಿಗಟ್ಟಿತ್ತು. ಹಾಗಾಗಿ ನೆಲ ಪೂರ್ತಿ ಸಿದ್ಧವಾಗದೆ ಲಾರಿಗೆ ಹೇಳಬೇಡಿ. ಹಾಸುವ ಮುನ್ನ ಮಡಿಗೆ ನೀರು ಚಿಮುಕಿಸಿ, ನೇರ ಅಂಚೊಂದರಿಂದ ಶುರುಮಾಡಿ. ಗೋಡೆಗೆ ಇಟ್ಟಿಗೆ ಇಡುವ ಕ್ರಮದಲ್ಲಿ ಸಂದುಗಳು ಸಾಲಿಂದ ಸಾಲಿಗೆ ತಪ್ಪುತ್ತ ಬರಲಿ. ತುಂಡುಗಳು ಒತ್ತೊತ್ತಾಗಿರಬೇಕು, ಒಂದರ ಮೇಲೊಂದು ಹತ್ತಬಾರದು, ಎಳೆದು ಹಿಗ್ಗಿಸಲೂ ಬಾರದು, ಒಣಗಿದರೆ ಕುಗ್ಗುತ್ತವೆ. ಹಾಸಿದ್ದರ ಮೇಲೆ ಹಲಗೆ ಇಟ್ಟು ಅದರ ಮೇಲೆ ಮೊಣಕಾಲೂರಿ. ಚಿಕ್ಕ ತುಂಡು ಬೇಕಾದಾಗ ಅಂಚಿಗೆ ಇಡದೆ ಒಳಗೆ ಸೇರಿಸಿ. ಅಂಚು ಮೊದಲು ಒಣಗುವ ಜಾಗ, ಕಿರಿದಾದ ತುಂಡು ಅಲ್ಲಿ ಬದುಕುವುದು ಕಷ್ಟ.

ರೋಲಿಗೆ ಅಂಟಿಕೊಂಡು ಬರುವ ಮಣ್ಣನ್ನೂ ನೋಡಿಯೇ ಕೊಂಡುಕೊಳ್ಳಿ. ನನಗೆ ಸಿಕ್ಕ ಒಂದು ಕಂತು ಜಿಗುಟು ಮಣ್ಣಿನಲ್ಲಿ ಬೆಳೆದದ್ದು, ನನ್ನ ನೆಲ ಅದಕ್ಕಿಂತ ಸಡಿಲ. ಎರಡು ಬಗೆಯ ಮಣ್ಣು ಸೇರುವಲ್ಲಿ ನೀರೂ ತಡೆಯುತ್ತದೆ, ಬೇರೂ ತಡೆಯುತ್ತದೆ. ಆ ಕಂತು ಕಚ್ಚಿಕೊಳ್ಳಲು ಉಳಿದವಕ್ಕಿಂತ ಎಷ್ಟೋ ತಡಮಾಡಿತು.

ಕುಚ್ಚು ನೆಟ್ಟ ಪಟ್ಟೆಯಲ್ಲಿ ಅರ್ಧ 15 ಸೆಂ.ಮೀ. ಅಂತರ, ಅರ್ಧ 30. ಒತ್ತಾಗಿ ನೆಟ್ಟ ಅರ್ಧ ಬೇಗ ಕೂಡಿಕೊಂಡಿತು. ವಿರಳ ಅರ್ಧದಲ್ಲಿ ಹುಲ್ಲು ಕೂಡುವ ಮೊದಲೇ ಕಳೆ ಕೂಡಿಕೊಂಡು, ಕೂತು ಕೀಳುವ ಕೆಲಸ ಮುಗಿಯಲೇ ಇಲ್ಲ. ಇದು ಬೇಗ ಹಬ್ಬುವ ಬರ್ಮುಡಾ ತಳಿಯ ಮಾತು. ನಿಧಾನವಾಗಿ ಹಬ್ಬುವ ಜೋಯ್ಸಿಯಾ ಹುಲ್ಲಾಗಿದ್ದರೆ ಎರಡು ಬೆಳವಣಿಗೆ ಕಾಲ ಹಿಡಿದರೂ ಆಶ್ಚರ್ಯವಿಲ್ಲ, ಅದಕ್ಕೆ ನಾನು ರೋಲನ್ನೇ ಆರಿಸುತ್ತೇನೆ. ಕುಚ್ಚಿನ ಹೆಚ್ಚುಗಾರಿಕೆ ಖರ್ಚು ಕಡಿಮೆ ಎನ್ನುವುದಷ್ಟೇ ಅಲ್ಲ. ನೆಟ್ಟ ದಿನದಿಂದ ಅದು ನಿಮ್ಮ ಮಣ್ಣಿನಲ್ಲೇ ಬೇರುಬಿಡುತ್ತದೆ.

ಬೀಜಕ್ಕೆ ಆಯ್ಕೆಯೇ ಕಿರಿದು. ಟಿಫ್‌ವೇ 419ರಂಥ ನಯವಾದ ಸಂಕರ ಬರ್ಮುಡಾಗಳು ಮೊಳೆಯುವ ಬೀಜ ಕಟ್ಟುವುದಿಲ್ಲ, ಅವು ಬೇಕೆಂದರೆ ರೋಲ್ ಅಥವಾ ಕುಚ್ಚೇ ಗತಿ. ಬೀಜವಾಗಿ ಸಿಗುವ ಬಹುಪಾಲು ತಳಿಗಳ ಎಲೆ ಅವಕ್ಕಿಂತ ಒರಟು. ಬೀಜ ಬಲು ಸಣ್ಣದು, ಅರ್ಧ ಸೆಂ.ಮೀ.ಗಿಂತ ಆಳಕ್ಕೆ ಹೋಗಬಾರದು, ಮೇಲ್ಮೈ ಒಂದು ಮಧ್ಯಾಹ್ನವೂ ಒಣಗಬಾರದು. ಒಂದು ಜೋರು ಮಳೆ ಬಂದು ನನ್ನ ಪಟ್ಟೆಯ ಬೀಜವನ್ನೆಲ್ಲ ತಗ್ಗಿನ ಮೂಲೆಗೆ ಕೊಚ್ಚಿ ಗುಡ್ಡೆ ಹಾಕಿತು. ಆ ಮೂಲೆಯಲ್ಲಿ ಮಾತ್ರ ಹುಲ್ಲು ದಟ್ಟ.

ಒತ್ತಲು ಹಗುರ ರೋಲರ್ ಮತ್ತು ಹಲಗೆ ಎರಡನ್ನೂ ಬಳಸಿದೆ, ವ್ಯತ್ಯಾಸ ಕಾಣಲಿಲ್ಲ. ಬೇರಿಗೂ ಮಣ್ಣಿಗೂ ನಡುವೆ ಗಾಳಿ ಉಳಿಯದಿದ್ದರೆ ಆಯಿತು. ನೀರಿನಲ್ಲಿ ರೋಲ್ ಜನರನ್ನು ಏಮಾರಿಸುತ್ತದೆ: ಮೇಲೆ ಒದ್ದೆ, ಕೆಳಗೆ ಒಣಕಲು. ಮೂಲೆ ಎತ್ತಿ ಬೆರಳಿಟ್ಟು ನೋಡುವುದೊಂದೇ ಉಪಾಯ. ಎರಡು ಮೂರು ವಾರದ ನಂತರ ಅದೇ ಮೂಲೆ ಎಳೆದರೂ ಏಳದಿದ್ದರೆ ಬೇರು ಹಿಡಿದಿದೆ. ಆಗ ಮೊದಲ ಕತ್ತರಿ, ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ಆಮೇಲೆ ನೀರು ಅಪರೂಪಕ್ಕೆ, ಆದರೆ ಆಳಕ್ಕೆ.

ಈಗ ಇನ್ನೊಂದು ಅಂಗಳ ಕೈಗೆ ಬಂದರೆ ಇಳಿಜಾರಿಗೂ ಓಡಾಟದ ಅಂಚಿಗೂ ರೋಲ್, ಸಮತಟ್ಟಾದ ನಡುಭಾಗಕ್ಕೆ ಒತ್ತಾದ ಕುಚ್ಚು, ಬೀಜವಂತೂ ಇಲ್ಲ. ಮರದ ಬುಡದ ನೆರಳಿನಲ್ಲಿ ಮೂರೂ ಪಟ್ಟೆಗಳು ಒಂದೇ ಥರ ತೆಳುವಾದವು. ಬರ್ಮುಡಾಕ್ಕೆ ಬಿಸಿಲಿಲ್ಲದಿದ್ದರೆ ಆಗುವುದಿಲ್ಲ. ಅಲ್ಲಿಗೆ ನೆರಳು ತಾಳುವ, ಅಗಲ ಎಲೆಯ ಸೇಂಟ್ ಆಗಸ್ಟೀನ್ ಹುಲ್ಲಿನ ಕುಚ್ಚು ನೆಟ್ಟಿದ್ದೇನೆ, ಸದ್ಯಕ್ಕೆ ಚಿಗುರುತ್ತಿದೆ.