14,000 ಕಿಲೋಮೀಟರಿಗೇ ಕೈಕೊಟ್ಟ ಕ್ಲಚ್: ಹುಬ್ಬಳ್ಳಿಯ ಸರ್ವಿಸ್ ಸೆಂಟರಿನ ಅನುಭವ

ಧಾರವಾಡದಿಂದ ಹುಬ್ಬಳ್ಳಿಗೆ ದಿನವೂ ಸುಮಾರು 20 ಕಿಲೋಮೀಟರ್ ಹೋಗಿಬರುವ ನನ್ನ ಕಾರಿನ ಕ್ಲಚ್ 14,000 ಕಿಲೋಮೀಟರಿಗೇ ಜಾರತೊಡಗಿತು. ನವಲೂರಿನ ಬಳಿಯ ಏರಿನಲ್ಲಿ ಎಂಜಿನ್ ಅಬ್ಬರಿಸುತ್ತಿತ್ತು, ವೇಗ ಮಾತ್ರ ಹೆಚ್ಚುತ್ತಿರಲಿಲ್ಲ. ಹುಬ್ಬಳ್ಳಿಯ ಅಧಿಕೃತ ಸರ್ವಿಸ್ ಸೆಂಟರಿನವರು ಗಿಯರ್‌ಬಾಕ್ಸ್ ಇಳಿಸುವ ಮೊದಲೇ, ಕ್ಲಚ್ ಪ್ಲೇಟ್ ಸವೆಯುವ ಭಾಗವಾದ್ದರಿಂದ ವಾರಂಟಿ ಅನ್ವಯಿಸದು, ನೀವು ಕ್ಲಚ್ ಪೆಡಲಿನ ಮೇಲೆ ಕಾಲಿಟ್ಟೇ ಓಡಿಸಿದ್ದೀರಿ ಎಂದು ತೀರ್ಮಾನಿಸಿಬಿಟ್ಟರು. ಇಪ್ಪತ್ತು ವರ್ಷ ಕಾರು ಓಡಿಸಿದ ನನಗೆ ಈ ಮಾತು ನೋವುಂಟುಮಾಡಿತು.

ನನ್ನೆದುರೇ ಬಿಚ್ಚಬೇಕೆಂದು ಲಿಖಿತವಾಗಿ ಕೇಳಿಕೊಂಡೆ. ಬಿಚ್ಚಿದಾಗ ಪ್ಲೇಟಿನ ಘರ್ಷಣಾ ಪದರ ಇನ್ನೂ ದಪ್ಪವಾಗಿಯೇ ಇತ್ತು, ಆದರೆ ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯಲ್ಲಿ ಎಣ್ಣೆ ಹೊರಬರದಂತೆ ತಡೆಯುವ ಆಯಿಲ್ ಸೀಲ್ ಸೋರಿ ಪದರವೆಲ್ಲ ಎಣ್ಣೆಯಲ್ಲಿ ನೆನೆದಿತ್ತು. ಕಾಲಿಟ್ಟು ಓಡಿಸಿದ್ದರೆ ಪದರ ತೆಳುವಾಗಿ, ಪ್ಲೇಟು ಒತ್ತಿಕೊಳ್ಳುವ ಚಕ್ರವಾದ ಫ್ಲೈವೀಲಿನ ಮೇಲೆ ಶಾಖದ ನೀಲಿ ಕಲೆಗಳು ಮೂಡಿರುತ್ತಿದ್ದವು, ಅವು ಅಲ್ಲಿರಲಿಲ್ಲ. ಇಷ್ಟಾದರೂ ಸೀಲಿಗೆ ಮಾತ್ರ ವಾರಂಟಿ ಒಪ್ಪಿ, ಅದರಿಂದಲೇ ಹಾಳಾದ ಪ್ಲೇಟಿಗೆ ಹಣ ಕೇಳಿದ್ದು ಅನ್ಯಾಯ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ (ದೂರವಾಣಿ ಸಂಖ್ಯೆ 1915) ದೂರು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ನನಗೆ 2 ವರ್ಷ ಅವಕಾಶವಿದೆಯೆಂದು ಸರ್ವಿಸ್ ಸೆಂಟರಿಗೆ ಪತ್ರ ಬರೆದ ಮೂರು ವಾರಗಳ ನಂತರ ಪ್ಲೇಟನ್ನೂ ಉಚಿತವಾಗಿ ಬದಲಿಸಿದರು. ಮೆಕ್ಯಾನಿಕ್‌ಗಳ ಕೆಲಸ ಅಚ್ಚುಕಟ್ಟಾಗಿದೆ. ಆದರೆ ಪರೀಕ್ಷಿಸದೆ ಗ್ರಾಹಕನನ್ನು ದೂರುವ ಆ ಕೌಂಟರಿಗೆ ನಾನು ಇನ್ನೊಮ್ಮೆ ಹೋಗಲಾರೆ.