ಸರ್ಬ್ ಸಾಲ, ನಿಂತುಹೋದ ಒ.ಡಬ್ಲ್ಯೂ ಮತ್ತು ಒಂದು ಫ್ರೀ ಲೀಗಲ್ ಕ್ಲಿನಿಕ್: ಐದಕ್ಕೆ ನಾಲ್ಕು ಸ್ಟಾರ್

ಟೊರಾಂಟೊದ ಸ್ಕಾರ್ಬರೋ ಕಡೆಯ ಒಂದು ಕಮ್ಯುನಿಟಿ ಲೀಗಲ್ ಕ್ಲಿನಿಕ್ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಯಾಕಂದರೆ ಸ್ವಲ್ಪ ಬೈಯುವುದೂ ಇದೆ.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. 2020ರ ಮಾರ್ಚ್‌ನಲ್ಲಿ ನಾನು ಒಂಟಾರಿಯೋ ವರ್ಕ್ಸ್‌ನಲ್ಲಿದ್ದೆ. ಒ.ಡಬ್ಲ್ಯೂ ಅಂತಾರಲ್ಲ, ಅದೇ, ದುಡ್ಡಿಲ್ಲದವರಿಗೆ ಪ್ರಾಂತ್ಯ ಸರ್ಕಾರ ಕೊಡುವ ನೆರವು. ಒಂಟಿ ಆಸಾಮಿಗೆ ತಿಂಗಳಿಗೆ ಹೆಚ್ಚೆಂದರೆ 733 ಡಾಲರ್. ವಾರಕ್ಕೆ ಎರಡು ದಿನ ಹೋಟೆಲ್‌ನಲ್ಲಿ ಪಾತ್ರೆ ತೊಳೆಯುತ್ತಿದ್ದೆ, ಕೋವಿಡ್ ಬಂದು ಅದೂ ಹೋಯಿತು. ಆಗ ಸರ್ಬ್ ಬಂತು, ಕೋವಿಡ್ ಕಾಲದಲ್ಲಿ ಕೆಲಸ ಹೋದವರಿಗೆ ಕೆನಡಾ ಸರ್ಕಾರ ಕೊಟ್ಟ ತುರ್ತು ನೆರವು, ನಾಲ್ಕು ವಾರಕ್ಕೆ 2,000 ಡಾಲರ್. ಬೇರೆ ಎಲ್ಲಿಂದಾದರೂ ದುಡ್ಡು ಸಿಗುವ ಹಾಗಿದ್ದರೆ ಕೇಳಲೇಬೇಕು ಅಂತ ಒ.ಡಬ್ಲ್ಯೂ ಕೇಸ್ ವರ್ಕರ್ ಹೇಳಿದರು, ನಾನೂ ಹಾಕಿದೆ. 5,000 ಡಾಲರ್ ಆದಾಯ ಇರಬೇಕು ಅಂತ ಇತ್ತಲ್ಲ, ಅದರಲ್ಲಿ ಒ.ಡಬ್ಲ್ಯೂ ದುಡ್ಡನ್ನೂ ಸೇರಿಸಿಕೊಂಡು ಲೆಕ್ಕ ಹಾಕಿದ್ದೆ. ಅದು ಸೇರುವುದಿಲ್ಲ. ದುಡಿದ ದುಡ್ಡು ಮಾತ್ರ ಲೆಕ್ಕಕ್ಕೆ ಅಂತ ಗೊತ್ತಾಗುವ ಹೊತ್ತಿಗೆ ನಾಲ್ಕು ಕಂತು ತಿಂದಾಗಿತ್ತು.

2022ರಲ್ಲಿ ಕೆನಡಾದ ಟ್ಯಾಕ್ಸ್ ಇಲಾಖೆ ಸಿ.ಆರ್.ಎ.ಯಿಂದ ಕಾಗದ ಬಂತು: ನೀವು ಅರ್ಹರಲ್ಲ, 8,000 ವಾಪಸ್ ಕೊಡಿ. ಮತ್ತೊಮ್ಮೆ ನೋಡಿ ಅಂತ ಎರಡನೇ ರಿವ್ಯೂ ಕೇಳಿದೆ, ಅಲ್ಲೂ ಸೋತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ನನ್ನದು ಬಾಯಿಗೂ ಬಂದು, ಹೊಟ್ಟೆಗೂ ಹೋಗಿ, ಎರಡು ವರ್ಷವಾದ ಮೇಲೆ ಕಕ್ಕು ಅಂದ ಹಾಗಾಯಿತು.

ಆಗ ಈ ಕ್ಲಿನಿಕ್‌ಗೆ ಫೋನ್ ಮಾಡಿದೆ. ಲೀಗಲ್ ಏಯ್ಡ್ ಒಂಟಾರಿಯೋ ದುಡ್ಡಲ್ಲಿ ನಡೆಯುವಂಥದ್ದು, ನಮಗೆ ಫೀಸ್ ಇಲ್ಲ. ಆದರೆ ಅವರ ಏರಿಯಾದಲ್ಲೇ ವಾಸ ಇರಬೇಕು, ಆದಾಯವೂ ಕಮ್ಮಿ ಇರಬೇಕು. ವಾಪಸ್ ಫೋನ್ ಬರುವುದಕ್ಕೆ ಮೂರು ವಾರ! ವಾಯ್ಸ್‌ಮೇಲ್ ಎರಡು ಸಲ ತುಂಬಿಹೋಗಿತ್ತು. ಒಂದು ಸ್ಟಾರ್ ಕಟ್ ಮಾಡಿದ್ದು ಇದಕ್ಕೇ. ಗಡುವು ಓಡುತ್ತಿರುವವನಿಗೆ ಮೂರು ವಾರ ಅಂದರೆ ತಮಾಷೆ ಅಲ್ಲ.

ಆದರೆ ಸಿಕ್ಕ ಮೇಡಂ ಇದ್ದಾರಲ್ಲ, ಚಿನ್ನ. ದುಭಾಷಿ ಬೇಕಾ ಅಂತ ಕೇಳಿದರು, ಕನ್ನಡ ಅಂದೆ, "ತಮಿಳು ಆಗುತ್ತಾ?" ಅಂದರು. ನಗು ಬಂತು, ಇಂಗ್ಲಿಷ್‌ನಲ್ಲೇ ಮಾತಾಡಿದೆವು. ನಾನು ಸಿ.ಆರ್.ಎ. ಕಾಗದಗಳನ್ನೇ ಹರವಿಕೊಂಡು ಕೂತಿದ್ದೆ. ಅವರು ಅದನ್ನು ಬದಿಗಿಟ್ಟು ಕೇಳಿದ್ದು ಒಂದೇ ಪ್ರಶ್ನೆ: "ಆ ನಾಲ್ಕು ತಿಂಗಳು ನಿಮ್ಮ ಒ.ಡಬ್ಲ್ಯೂ ಎಲ್ಲಿ ಹೋಯಿತು?"

ಹೌದಲ್ವಾ! ಮೊದಲೇ ಒ.ಡಬ್ಲ್ಯೂನಲ್ಲಿ ಇದ್ದವರಿಗೆ ಸರ್ಬ್‌ನಲ್ಲಿ 200 ಬಿಟ್ಟು, ಮಿಕ್ಕಿದ್ದರಲ್ಲಿ ಅರ್ಧದಷ್ಟನ್ನು ಒ.ಡಬ್ಲ್ಯೂ ದುಡ್ಡಿನಿಂದ ಕಳೆಯುತ್ತಿದ್ದರು. 1,800ರ ಅರ್ಧ 900. ನನ್ನ 733 ಪೂರ್ತಿ ಸೊನ್ನೆ. ಈಗ ಸರ್ಬ್ ನನ್ನದಲ್ಲ, ಸಾಲ ಅಂತ ಸರ್ಕಾರವೇ ಹೇಳುತ್ತಿದೆ. ಸಾಲವನ್ನು ಆದಾಯ ಅಂತ ಹೇಗೆ ಕಳೆದರು? ಆ ತಿಂಗಳುಗಳ ಒ.ಡಬ್ಲ್ಯೂ ಈಗ ಕೊಡಿ ಅಂತ ಕೇಳೋಣ ಅಂದರು ಮೇಡಂ. ಇಷ್ಟು ದಿನ ಎಷ್ಟು ಜನರ ಹತ್ತಿರ ಗೋಳು ಹೇಳಿಕೊಂಡಿದ್ದೆ, ಟ್ಯಾಕ್ಸ್ ಮಾಡಿಕೊಡುವವನೂ ಸೇರಿ, ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಒ.ಡಬ್ಲ್ಯೂ ಆಫೀಸಿಗೆ ಫೋನ್ ಮಾಡಿದರೆ "ಹಳೇದಕ್ಕೆ ಕೊಡಲ್ಲ" ಅಂತ ಒಂದೇ ಮಾತು. ಅಷ್ಟರಲ್ಲಿ ನನ್ನ ವರ್ಕರ್ ಮೂರನೇ ಸಲ ಬದಲಾಗಿದ್ದರು, ಪ್ರತಿಯೊಬ್ಬರಿಗೂ ರಾಮಾಯಣ ಮೊದಲಿಂದ. ಮೇಡಂ ಹೇಳಿಕೊಟ್ಟಿದ್ದು ಇಷ್ಟೇ: ಬಾಯಿಮಾತಿಗೆ ಸುಮ್ನಾಗಬೇಡಿ, ತೀರ್ಮಾನವನ್ನು ಕಾಗದದಲ್ಲಿ ಕೊಡಿ ಅನ್ನಿ. ಕಾಗದ ಬಂದ ಮೇಲೆ 30 ದಿನದೊಳಗೆ ಇಂಟರ್ನಲ್ ರಿವ್ಯೂ, ಅಂದರೆ ಒ.ಡಬ್ಲ್ಯೂದವರೇ ಮತ್ತೊಮ್ಮೆ ನೋಡಲಿ ಅಂತ ಕೇಳಬೇಕು. ಅಲ್ಲೂ ಇಲ್ಲ ಅಂದರೆ ಇಂಥ ತಕರಾರು ಕೇಳುವ ಸೋಶಿಯಲ್ ಬೆನಿಫಿಟ್ಸ್ ಟ್ರಿಬ್ಯೂನಲ್‌ಗೆ ಅಪೀಲು, ಅದಕ್ಕೂ 30 ದಿನ. ಅರ್ಜಿಗಳೆಲ್ಲ ಅವರೇ ಬರೆದರು. ನಾನು ತಂದುಕೊಟ್ಟಿದ್ದು ಸಿ.ಆರ್.ಎ. ಕಾಗದ, ಆ ನಾಲ್ಕು ತಿಂಗಳ ಒ.ಡಬ್ಲ್ಯೂ ಸ್ಟೇಟ್‌ಮೆಂಟ್, ಬ್ಯಾಂಕ್ ಪ್ರಿಂಟೌಟ್. ಸ್ಟೇಟ್‌ಮೆಂಟ್ ಬಿಸಾಡಬೇಡಿ ಮಾರಾಯ್ರೇ, ನನ್ನದು ಅಕ್ಕಿ ಡಬ್ಬದ ಹಿಂದೆ ಸಿಕ್ಕಿತು.

ರಿವ್ಯೂನಲ್ಲಿ ಆಗಲ್ಲ ಅಂದರು. ಅಪೀಲು ಹಾಕಿದೆವು. ವಿಚಾರಣೆಗೆ ಮುಂಚೆಯೇ ಒ.ಡಬ್ಲ್ಯೂದವರು ಒಪ್ಪಿಕೊಂಡು 2,932 ಡಾಲರ್ ಹಾಕಿದರು. ಶುರುವಿನಿಂದ ಒಟ್ಟು ಒಂಬತ್ತು ತಿಂಗಳು. ನನಗೆ ಸಿಕ್ಕಿತು ಅಂತ ಎಲ್ಲರಿಗೂ ಸಿಗುತ್ತೆ ಅಂತಲ್ಲ, ಒಬ್ಬೊಬ್ಬರ ಫೈಲು ಒಂದೊಂದು ಥರ. ಆಗ ಒ.ಡಬ್ಲ್ಯೂನಲ್ಲಿ ಇಲ್ಲದವರಿಗೆ ಈ ವಾದವೇ ಹೊಂದುವುದಿಲ್ಲ.

ಬಂದದ್ದನ್ನೆಲ್ಲ ನೇರ ಸಿ.ಆರ್.ಎ.ಗೆ ಕಟ್ಟಿದೆ. ಉಳಿದಿದ್ದು 5,068. ತಿಂಗಳಿಗೆ 50ರ ಹಾಗೆ ಒಪ್ಪಂದ ಮಾಡಿಕೊಂಡಿದ್ದೇನೆ, ಬಡ್ಡಿ ಇಲ್ಲ. ಆ ಫೋನಿಗೂ ಮೇಡಂ ಪಕ್ಕದಲ್ಲೇ ಕೂತಿದ್ದರು, ನಾನು "ನೂರು ಕಟ್ಟುತ್ತೇನೆ" ಅನ್ನುವುದಕ್ಕೆ ಬಾಯಿ ತೆರೆದಾಗ ಮೇಜಿನ ಮೇಲೆ ಐದು ಬೆರಳು ತೋರಿಸಿದರು.

ಬೆಳಿಗ್ಗೆ ಫೋನ್ ಲೈನ್ ತೆರೆದ ಕೂಡಲೇ ಮಾಡಿ, ಹನ್ನೊಂದರ ಮೇಲೆ ಸಿಗುವುದಿಲ್ಲ.